ಕ್ಯಾಪ್ ಹಾಕಿಸಬೇಕಾ, ಸಿಮೆಂಟ್ ತುಂಬಿಸಿದರೆ ಸಾಕಾ?

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ ಹಲ್ಲು ಮುರಿದುಕೊಂಡವರ ಪತ್ರ ಬರುವುದು ಮಾಮೂಲು. ಈ ಸಲವೂ ಬಂದಿವೆ. ಹಾಗಾಗಿ ಕೊಡಗಿನ ಓದುಗರ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬಾಯಿ ನೋಡದೆ ಬರೆಯುತ್ತಿರುವ ಉತ್ತರ ಇದು, ಅಷ್ಟು ನೆನಪಿಟ್ಟುಕೊಂಡು ಓದಿ.

ಪ್ರಶ್ನೆ: ಡಾಕ್ಟ್ರೇ, ಹಬ್ಬದ ದಿನ ಪಂದಿ ಕರಿಯ ಮೂಳೆ ಕಚ್ಚಿ ಕೆಳಗಿನ ದವಡೆ ಹಲ್ಲಿನ ಒಂದು ಮೂಲೆ ಹಾರಿಹೋಯಿತು. ಅದಕ್ಕೆ ಬಹಳ ವರ್ಷದ ಹಿಂದೆ ಬೆಳ್ಳಿ ಸಿಮೆಂಟ್ ತುಂಬಿಸಿದ್ದೆ. ನೋವಿಲ್ಲ, ತಣ್ಣೀರು ಕುಡಿದರೆ ಮಾತ್ರ ಜುಮ್ ಅನ್ನುತ್ತದೆ. ನಮ್ಮೂರಿನ ಡಾಕ್ಟರು ‘ಫಿಲ್ಲಿಂಗ್ ಮಾಡಿ ನೋಡೋಣ’ ಅಂದರು. ಮೈಸೂರಿನಲ್ಲಿ ತೋರಿಸಿದರೆ ‘ಕ್ಯಾಪೇ ಹಾಕಬೇಕು’ ಅಂದರು. ಯಾರನ್ನು ನಂಬಲಿ? ವಯಸ್ಸು 47.
– ಕಾಫಿ ಬೆಳೆಗಾರ, ಪೊನ್ನಂಪೇಟೆ

ಉತ್ತರ: ಇಬ್ಬರನ್ನೂ ಅನುಮಾನಿಸಬೇಡಿ. ಹಳೆ ಸಿಮೆಂಟ್ ಒಳಗೇ ಕೂತಿರುವಾಗ ಹಲ್ಲಿನ ಸ್ಥಿತಿ ಯಾರಿಗೂ ಪೂರ್ತಿ ಕಾಣುವುದಿಲ್ಲ. ಎಕ್ಸ್‌-ರೇಯಲ್ಲಿ ಬೆಳ್ಳಿ ಸಿಮೆಂಟ್ ಅಚ್ಚ ಬಿಳಿಯಾಗಿ ಬರುತ್ತದೆ, ಅದರ ಹಿಂದೆ ಏನಿದೆಯೋ ಮರೆಯಾಗುತ್ತದೆ. ಬಿರುಕಂತೂ ಎಕ್ಸ್‌-ರೇಗೆ ಸಿಗುವುದೇ ಅಪರೂಪ. ಒಬ್ಬರು ಇರುವುದನ್ನು ಆದಷ್ಟು ಉಳಿಸೋಣ ಅಂದುಕೊಂಡಿದ್ದಾರೆ, ಇನ್ನೊಬ್ಬರು ನಾಳೆ ಹಲ್ಲು ಸೀಳಿದರೆ ಏನು ಗತಿ ಅಂದುಕೊಂಡಿದ್ದಾರೆ. ನಿಜವಾದ ತೀರ್ಮಾನ ಆಗುವುದು ಹಳೆ ಸಿಮೆಂಟ್ ತೆಗೆದು, ಅಡಿಯಲ್ಲಿರುವ ಹುಳುಕನ್ನೆಲ್ಲ ಕೆರೆದು ಸ್ವಚ್ಛ ಮಾಡಿದ ಮೇಲೆ. ಆಗ ಎಷ್ಟು ಗೋಡೆ ಉಳಿದಿದೆ, ಅದು ಎಷ್ಟು ದಪ್ಪ ಇದೆ, ಅದನ್ನು ನೋಡಿ ಹೇಳಬೇಕು. ಅದಕ್ಕೇ ನಿಮ್ಮ ಡಾಕ್ಟರಿಗೆ ಮೊದಲೇ ಹೇಳಿಡಿ: ‘ಸ್ವಚ್ಛ ಮಾಡಿದ ಮೇಲೆ ಒಂದು ಫೋಟೋ ತೆಗೆದು ನನಗೂ ತೋರಿಸಿ, ಆಮೇಲೆ ಮಾತಾಡೋಣ’ ಅಂತ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋಟೋದಲ್ಲಿ ಏನು ನೋಡಬೇಕು? ದವಡೆ ಹಲ್ಲಿನ ಮೇಲೆ ನಾಲ್ಕೋ ಐದೋ ಉಬ್ಬುಗಳಿರುತ್ತವೆ, ಅಗಿಯುವ ಭಾರ ಬೀಳುವುದು ಅವುಗಳ ಮೇಲೆ. ನಿಮಗೆ ಒಂದು ಉಬ್ಬು ಮಾತ್ರ ಹೋಗಿ, ಉಳಿದವು ದಪ್ಪಗೆ ಗಟ್ಟಿಯಾಗಿದ್ದು, ಒಡೆದ ಅಂಚು ಒಸಡಿಗಿಂತ ಮೇಲೇ ಇದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಆರಾಮಾಗಿ ಆಗುತ್ತದೆ. ಎರಡು ಉಬ್ಬು ಹೋಗಿದ್ದರೆ, ಉಳಿದ ಗೋಡೆ ಸುಮಾರು 2 ಮಿಲಿಮೀಟರಿಗಿಂತ ತೆಳ್ಳಗಾಗಿದ್ದರೆ, ಅಥವಾ ಗುಂಡಿಯ ಅಗಲವೇ ಎದುರುಬದುರು ಉಬ್ಬುಗಳ ತುದಿಯ ನಡುವಿನ ಅಂತರದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಮೇಲಿನಿಂದ ಮುಚ್ಚುವುದೇ ವಾಸಿ. ಕಾರಣ ಸುಲಭ. ತೆಳ್ಳಗಿನ ಎರಡು ಗೋಡೆಗಳ ನಡುವೆ ಕೂತ ದೊಡ್ಡ ಫಿಲ್ಲಿಂಗ್ ಕೊನೆಗೆ ಸೌದೆ ಸೀಳುವ ಬೆಣೆಯ ಕೆಲಸ ಮಾಡುತ್ತದೆ, ನೀವು ಅಗಿದಾಗೆಲ್ಲ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಂದು ದಿನ ಹಲ್ಲು ಬೇರಿನವರೆಗೂ ಸೀಳಿದರೆ ಆಮೇಲೆ ಕೀಳುವುದೊಂದೇ ದಾರಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಗೊತ್ತಾಗುತ್ತದೆ. ಗಟ್ಟಿ ಏನಾದರೂ ಕಚ್ಚಿ ಬಿಡುವಾಗ ಚುರುಕ್ ಅನ್ನುತ್ತದಾ ಗಮನಿಸಿ. ಕಚ್ಚಿದಾಗ ಸುಮ್ಮನಿದ್ದು ಬಿಡುವಾಗ ನೋಯುವುದು ಬಿರುಕಿನ ಲಕ್ಷಣ. ಬಿರುಕಿದ್ದರೆ ಫಿಲ್ಲಿಂಗ್ ಬಗ್ಗೆ ಯೋಚಿಸಲೇಬೇಡಿ, ಮೈಸೂರಿನವರ ಮಾತು ಸರಿ. ತಣ್ಣೀರಿಗೆ ಜುಮ್ ಅಂದು ಎರಡು ಕ್ಷಣದಲ್ಲಿ ಹೋದರೆ ಒಳಗಿನ ನರ ಸಾಮಾನ್ಯವಾಗಿ ಆರೋಗ್ಯವಾಗಿದೆ ಅಂತ. ಆದರೆ ನೋವು ಹಾಗೇ ನಿಂತುಬಿಟ್ಟರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಆಗ ರೂಟ್ ಕೆನಾಲ್, ಅಂದರೆ ಒಳಗಿನ ನರ ತೆಗೆದು ಆ ಜಾಗ ತುಂಬುವ ಮಾತು ಬರುತ್ತದೆ.

ಹಾಗಾದರೆ ಎಲ್ಲದಕ್ಕೂ ಕ್ಯಾಪ್ ಹಾಕಿಬಿಟ್ಟರೆ ಆಯಿತಲ್ಲ, ಅನ್ನಬಹುದು. ಆಗುವುದಿಲ್ಲ. ಕ್ಯಾಪ್ ಕೂರಬೇಕಾದರೆ ಹಲ್ಲನ್ನು ಸುತ್ತಲೂ ಮತ್ತು ಮೇಲೆ ಒಂದರಿಂದ ಎರಡು ಮಿಲಿಮೀಟರ್ ಕೊರೆದು ಸಣ್ಣದು ಮಾಡಬೇಕು. ಒಮ್ಮೆ ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಆ ಕೊರೆತದ ಏಟಿಗೆ ಕೆಲವು ಹಲ್ಲುಗಳ ನರ ವರ್ಷಗಳ ಮೇಲೆ ಸಾಯುವುದೂ ಉಂಟು, ಆಗ ಕ್ಯಾಪ್‌ಗೇ ತೂತು ಕೊರೆದು ರೂಟ್ ಕೆನಾಲ್ ಮಾಡಬೇಕು. ಕ್ಯಾಪ್ ಹುಳುಕಾಗುವುದಿಲ್ಲ ನಿಜ, ಅದು ಮುಗಿಯುವ ಅಂಚಿನಲ್ಲಿ, ಒಸಡಿನ ಪಕ್ಕದಲ್ಲಿ, ಹಲ್ಲು ಹುಳುಕಾಗುತ್ತದೆ. ಕ್ಯಾಪ್ ಹಾಕಿಸಿದೆ ಅಂತ ಆ ಜಾಗ ಉಜ್ಜುವುದು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಇವೆರಡರ ನಡುವೆ ಒಂದು ದಾರಿ ಇದೆ, ಅದರ ಹೆಸರು ಆನ್‌ಲೇ. ಹಲ್ಲಿನ ಸುತ್ತ ಕೊರೆಯದೆ, ದುರ್ಬಲವಾದ ಉಬ್ಬುಗಳ ಮೇಲೆ ಮಾತ್ರ ಲ್ಯಾಬಿನಲ್ಲಿ ಮಾಡಿಸಿದ ತುಂಡನ್ನು ಅಂಟಿಸುವುದು. ಒಳ್ಳೆಯ ಕೆಲಸ, ಆದರೆ ಕೈ ಪಳಗಿರಬೇಕು, ಅಂಟಿಸುವಾಗ ಹಲ್ಲು ಪೂರ್ತಿ ಒಣಗಿರಬೇಕು. ಎರಡು ಕಡೆ ವಿಚಾರಿಸಿದ್ದೀರಿ, ಇದನ್ನೂ ಒಮ್ಮೆ ಕೇಳಿ ನೋಡಿ.

ನನ್ನ ಅಭಿಪ್ರಾಯ ಬೇಕಾದರೆ: ಬಿರುಕಿಲ್ಲ, ಗೋಡೆ ದಪ್ಪ ಇದೆ ಅಂತಾದರೆ ಊರಿನ ಡಾಕ್ಟರ ಮಾತಿನಂತೆ ಫಿಲ್ಲಿಂಗ್‌ನಿಂದ ಶುರು ಮಾಡಿ. ಫಿಲ್ಲಿಂಗ್ ಮಾಡಿದ ಹಲ್ಲಿಗೆ ಮುಂದೆ ಕ್ಯಾಪ್ ಹಾಕಬಹುದು, ಕ್ಯಾಪ್‌ಗೆ ಕೊರೆದ ಹಲ್ಲನ್ನು ಫಿಲ್ಲಿಂಗ್‌ಗೆ ವಾಪಸ್ ತರಲಾಗುವುದಿಲ್ಲ. ಆರು ತಿಂಗಳಿಗೊಮ್ಮೆ ತೋರಿಸುತ್ತಿರಿ. ನೀವು ಅಡಿಕೆ ಜಗಿಯುತ್ತೀರಾ, ರಾತ್ರಿ ಹಲ್ಲು ಕಡಿಯುತ್ತೀರಾ ಅಂತ ಬರೆದಿಲ್ಲ. ಎರಡರಲ್ಲಿ ಒಂದಿದ್ದರೂ ನನ್ನ ತಕ್ಕಡಿ ಕ್ಯಾಪ್ ಕಡೆ ವಾಲುತ್ತದೆ. ಒಣ ಅಡಿಕೆ ಕಡಿದು ಕಡಿದು ಬಿರುಕು ಬಿಟ್ಟ ದವಡೆ ಹಲ್ಲುಗಳು ನಮ್ಮ ಕಡೆ ಕಡಿಮೆ ಏನಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ರೂಟ್ ಕೆನಾಲ್ ಮಾಡಿಸಿದೆ. ನೋವು ಪೂರ್ತಿ ಹೋಗಿದೆ. ಕ್ಯಾಪ್ ಹಾಕಿಸಲು ಬರಹೇಳಿದ್ದರು, ಕೆಲಸದ ಗಡಿಬಿಡಿಯಲ್ಲಿ ಹೋಗಲಿಲ್ಲ. ಇನ್ನು ಕಾಫಿ ಕುಯ್ಲು ಶುರುವಾದರೆ ಬಿಡುವೇ ಇರುವುದಿಲ್ಲ. ರೋಬಸ್ಟಾ ಮುಗಿಸಿಕೊಂಡು ಮಾರ್ಚ್‌ನಲ್ಲಿ ಹಾಕಿಸಿದರೆ ಆಗದಾ? ಹಿಂದಿನ ದವಡೆ ಹಲ್ಲು.
– ಎಸ್ಟೇಟ್ ರೈಟರ್, ಸಿದ್ದಾಪುರ

ಉತ್ತರ: ಆಗುವುದಿಲ್ಲ. ಕುಯ್ಲಿಗೆ ಮೊದಲೇ ಹೋಗಿ ಬನ್ನಿ.

ನೋವು ಹೋಗಿರುವುದು ಹಲ್ಲು ಗಟ್ಟಿಯಾಗಿದೆ ಅಂತಲ್ಲ, ನೋವು ಹೇಳುವ ನರವನ್ನೇ ತೆಗೆದಿದ್ದಾರೆ. ಈಗ ಅಲ್ಲಿ ಬಿರುಕು ಬಿಟ್ಟರೂ ಹುಳುಕು ಹಿಡಿದರೂ ಆ ಹಲ್ಲು ಸುಮ್ಮನೇ ಇರುತ್ತದೆ. ಮೊದಲು ಹುಳುಕು ಒಂದಷ್ಟು ತಿಂದಿತ್ತು, ಆಮೇಲೆ ನರದವರೆಗೆ ದಾರಿ ಮಾಡಲು ಡಾಕ್ಟರು ಇನ್ನೊಂದಷ್ಟು ಕೊರೆದರು. ಉಳಿದಿರುವುದು ಟೊಳ್ಳು ಹಲ್ಲು. ಮೇಲೆ ಹಾಕಿರುವುದು ತಾತ್ಕಾಲಿಕ ಸಿಮೆಂಟ್ ಆಗಿದ್ದರೆ ಅದು ಕೆಲವು ವಾರಕ್ಕೆ ಮಾತ್ರ. ಸವೆದು ಅಂಚಿನಿಂದ ಎಂಜಲು ಒಳಗಿಳಿದರೆ ಮಾಡಿಸಿದ ರೂಟ್ ಕೆನಾಲ್ ಕೆಟ್ಟು, ಅದನ್ನೇ ಇನ್ನೊಮ್ಮೆ ಮಾಡಿಸಬೇಕಾಗುತ್ತದೆ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದ ಹಲ್ಲುಗಳು, ಹಾಕಿಸಿದವುಗಳಿಗಿಂತ 6 ಪಟ್ಟು ದರದಲ್ಲಿ ಕಳೆದುಹೋಗಿದ್ದವು. ದವಡೆ ಹಲ್ಲಿಗೆ ಕ್ಯಾಪ್ ಬೇಕೇ ಬೇಕು ಅಂತ ನಾವು ಗಂಟು ಬೀಳುವುದು ಇದೇ ಕಾರಣಕ್ಕೆ. ಲ್ಯಾಬಿನ ಬಿಲ್ ಆಸೆಗೆ ಅಂತ ಕೆಲವರು ಅಂದುಕೊಂಡಿರುತ್ತಾರೆ, ಇರಲಿ.

ನಿಜವಾಗಿಯೂ ಈಗ ದುಡ್ಡಿಲ್ಲ, ರಜೆ ಇಲ್ಲ ಅಂತಾದರೆ ಕನಿಷ್ಠ ಅರ್ಧ ದಿನ ಮಾಡಿಕೊಂಡು ಹೋಗಿ ತಾತ್ಕಾಲಿಕ ಸಿಮೆಂಟ್ ತೆಗೆಸಿ ಕಾಯಂ ಫಿಲ್ಲಿಂಗ್ ಮಾಡಿಸಿ. ತೆಳ್ಳಗಿನ ಉಬ್ಬುಗಳನ್ನು ಸ್ವಲ್ಪ ತಗ್ಗಿಸಿ ಫಿಲ್ಲಿಂಗ್‌ನಿಂದಲೇ ಮುಚ್ಚಲು ಕೇಳಿ. ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡಿ. ಇದು ಕೆಲವು ತಿಂಗಳು ತಳ್ಳುವ ದಾರಿ, ಕ್ಯಾಪ್‌ಗೆ ಬದಲಿ ಅಲ್ಲ. ಕ್ಯಾಪ್‌ಗೆ ಎರಡು ಸಲ ಹೋಗಬೇಕು: ಒಂದು ಸಲ ಕೊರೆದು ಅಳತೆ ತೆಗೆಯಲು, ಇನ್ನೊಂದು ಸಲ ಕೂರಿಸಲು. ನಡುವೆ ಲ್ಯಾಬಿನಿಂದ ಬರಲು ಕೆಲವು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ತಾತ್ಕಾಲಿಕ ಕ್ಯಾಪ್ ಹಾಕಿರುತ್ತಾರೆ, ಆ ಕಡೆ ಚಿಕ್ಕಿ ಗಿಕ್ಕಿ ಕಚ್ಚಬೇಡಿ.

ಮುಂದಿನ ಹಲ್ಲುಗಳ ವಿಷಯ ಬೇರೆ. ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಗಿ, ಹಿಂಬದಿಯಲ್ಲಿ ಸಣ್ಣ ತೂತು ಮಾತ್ರ ಇದ್ದು ಉಳಿದದ್ದೆಲ್ಲ ಗಟ್ಟಿ ಇದ್ದರೆ ಫಿಲ್ಲಿಂಗ್ ಸಾಕು. ಅದಕ್ಕೂ ಕ್ಯಾಪ್ ಅಂದರೆ ಯಾಕೆ ಅಂತ ಕೇಳಿ.

ಪ್ರಶ್ನೆ: ಕ್ಯಾಪ್‌ಗಳಲ್ಲಿ ಮೆಟಲ್, ಸೆರಾಮಿಕ್, ಜಿರ್ಕೋನಿಯಾ ಅಂತ ಏನೇನೋ ಹೇಳಿ ಒಂದೊಂದಕ್ಕೆ ಒಂದೊಂದು ರೇಟ್ ಹೇಳುತ್ತಾರೆ. ಜಿರ್ಕೋನಿಯಾಗೆ ವಾರಂಟಿ ಕಾರ್ಡ್ ಕೊಡುತ್ತಾರಂತೆ. ದುಬಾರಿಯದ್ದೇ ಒಳ್ಳೆಯದಾ? ಮೇಲಿನ ಕೊನೆಯ ದವಡೆ ಹಲ್ಲು.
– ನಿವೃತ್ತ ಶಿಕ್ಷಕಿ, ಮಡಿಕೇರಿ

ಉತ್ತರ: ನಿಮ್ಮ ಹಲ್ಲು ಇರುವ ಜಾಗಕ್ಕೆ ಮೆಟಲ್ ಕ್ಯಾಪ್ ಚೆನ್ನಾಗಿ ನಡೆಯುತ್ತದೆ ಮೇಡಂ. ನೋಡಲು ಚೆಂದ ಇಲ್ಲ ಅನ್ನುವುದೊಂದೇ ಅದರ ದೋಷ, ಆದರೆ ಅಷ್ಟು ಹಿಂದೆ ಯಾರು ಇಣುಕಿ ನೋಡುತ್ತಾರೆ? ತೆಳ್ಳಗಿದ್ದರೂ ಗಟ್ಟಿ, ಹಾಗಾಗಿ ಹಲ್ಲನ್ನು ಕಡಿಮೆ ಕೊರೆದರೆ ಸಾಕು. ನಿಕ್ಕಲ್ ಅಲರ್ಜಿ ಇದ್ದರೆ, ಅಂದರೆ ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುವವರಾದರೆ, ಮೊದಲೇ ಹೇಳಿ.

ಒಳಗೆ ಲೋಹ, ಮೇಲೆ ಸೆರಾಮಿಕ್ ಇರುವ ಕ್ಯಾಪ್ ದಶಕಗಳಿಂದ ಬಳಕೆಯಲ್ಲಿದೆ. ಅದರಲ್ಲಿ ಮೇಲಿನ ಸೆರಾಮಿಕ್ ಒಮ್ಮೊಮ್ಮೆ ಚಕ್ಕೆ ಏಳುತ್ತದೆ, ಒಸಡು ಹಿಂದೆ ಸರಿದಂತೆ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತದೆ. ಜಿರ್ಕೋನಿಯಾ ಬಿಳಿ, ತುಂಬಾ ಗಟ್ಟಿ. ಎದುರಿನ ಹಲ್ಲಿಗೆ ತಾಗುತ್ತದೆ ಅಂತ ಅದನ್ನು ಉಜ್ಜಿ ಸರಿಮಾಡಿದ ಮೇಲೆ ಚೆನ್ನಾಗಿ ಪಾಲಿಶ್ ಮಾಡಬೇಕು, ಒರಟಾಗಿ ಬಿಟ್ಟರೆ ಎದುರಿನ ಹಲ್ಲನ್ನು ಸವೆಸುತ್ತದೆ. ನಕ್ಕಾಗ ಕಾಣುವ ಹಲ್ಲಾದರೆ ಜಿರ್ಕೋನಿಯಾಕ್ಕೋ ಲಿಥಿಯಂ ಡೈಸಿಲಿಕೇಟ್ ಅನ್ನುವ ಸೆರಾಮಿಕ್‌ಗೋ ದುಡ್ಡು ಹಾಕುವುದರಲ್ಲಿ ಅರ್ಥ ಇದೆ. ನಮ್ಮಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬೆಲ್ಲದ ಕಾಪಿ ಕುಡಿಯುವವರಿಗೆ ಇದೂ ಲೆಕ್ಕ: ಕಾಂಪೋಸಿಟ್ ಫಿಲ್ಲಿಂಗ್‌ಗೆ ಕಾಫಿ ಕಲೆ ಹಿಡಿಯುತ್ತದೆ, ಪಾಲಿಶ್ ಇರುವ ಸೆರಾಮಿಕ್‌ಗೆ ಅಷ್ಟಾಗಿ ಹಿಡಿಯುವುದಿಲ್ಲ.

ವಾರಂಟಿ ಕಾರ್ಡನ್ನು ಓದಿ ನೋಡಿ. ಅದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ ಇನ್ನೊಂದು ಕ್ಯಾಪ್ ಕೊಡುವ ಮಾತು. ಕೆಳಗಿನ ಹಲ್ಲು ಹುಳುಕಾದರೆ ಆ ಕಾರ್ಡ್ ಉಪಯೋಗಕ್ಕೆ ಬರುವುದಿಲ್ಲ. ಕ್ಯಾಪ್‌ಗಳು ಹಾಳಾಗುವುದು ಜಾಸ್ತಿ ಈ ಎರಡನೇ ಕಾರಣಕ್ಕೇ.

ಪ್ರಶ್ನೆ: ಮಗಳಿಗೆ ಆರು ವರ್ಷ. ಹಾಲು ಹಲ್ಲಿಗೆ ಸ್ಟೀಲ್ ಕ್ಯಾಪ್ ಹಾಕಬೇಕು ಅನ್ನುತ್ತಿದ್ದಾರೆ. ಬಿದ್ದು ಹೋಗುವ ಹಲ್ಲಿಗೆ ಯಾಕೆ? ಅತ್ತೆಯವರು ಬೇಡವೇ ಬೇಡ ಅನ್ನುತ್ತಿದ್ದಾರೆ.
– ಓದುಗಿ, ಕುಶಾಲನಗರ

ಉತ್ತರ: ಅತ್ತೆಯವರಿಗೆ ಹೀಗೆ ಹೇಳಿ: ಹಿಂದಿನ ಹಾಲು ದವಡೆ ಹಲ್ಲು ಬೀಳುವುದು 10ರಿಂದ 12ನೇ ವಯಸ್ಸಿಗೆ. ಇನ್ನೂ ನಾಲ್ಕಾರು ವರ್ಷ ಅದರಲ್ಲೇ ಊಟ ಮಾಡಬೇಕು, ಮತ್ತು ಕೆಳಗೆ ಬರುವ ಹಲ್ಲಿಗೆ ಜಾಗ ಕಾಯುವುದೂ ಅದೇ. ಹುಳುಕು ಹಲ್ಲಿನ ಎರಡು ಮೂರು ಬದಿಗೆ ಹರಡಿದ್ದರೆ ಹಾಲು ಹಲ್ಲಿನಲ್ಲಿ ಫಿಲ್ಲಿಂಗ್ ಜಾಸ್ತಿ ದಿನ ನಿಲ್ಲುವುದಿಲ್ಲ. ಸ್ಟೀಲ್ ಕ್ಯಾಪ್ ನಿಲ್ಲುತ್ತದೆ, ಹಲ್ಲು ಬೀಳುವಾಗ ಅದರ ಜೊತೆಗೇ ಬೀಳುತ್ತದೆ. ಹುಳುಕು ನರಕ್ಕೆ ಮುಟ್ಟಿಲ್ಲದಿದ್ದರೆ ಇಂಜೆಕ್ಷನ್ ಇಲ್ಲದೆ, ಕೊರೆಯದೆ, ಹಾಗೇ ಕೂರಿಸುವ ವಿಧಾನವೂ ಇದೆ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಬಳಕೆಗೆ ತಂದಿದ್ದು, ಅವರ ಹೆಸರಿನಲ್ಲೇ ‘ಹಾಲ್ ಟೆಕ್ನಿಕ್’ ಅನ್ನುತ್ತಾರೆ. ಮೊದಲ ಕೆಲವು ದಿನ ಹಲ್ಲು ಎತ್ತರ ಅನಿಸುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ.

ಅಂದ ಹಾಗೆ, ಆರನೇ ವಯಸ್ಸಿಗೆ ಹಾಲು ಹಲ್ಲುಗಳ ಹಿಂದೆ ಹೊಸದೊಂದು ದವಡೆ ಹಲ್ಲು ಬರುತ್ತದೆ. ಇದನ್ನೂ ಹಾಲು ಹಲ್ಲೇ ಅಂದುಕೊಂಡು ತುಂಬಾ ಜನ ಬಿಟ್ಟುಬಿಡುತ್ತಾರೆ. ಅದು ಜೀವನಪೂರ್ತಿ ಇರುವ ಹಲ್ಲು. ಅದನ್ನೂ ಅದೇ ದಿನ ತೋರಿಸಿ.

ಪ್ರಶ್ನೆ: ಹಾಕಿ ಆಡುವಾಗ ಸ್ಟಿಕ್ ತಾಗಿ ಮುಂದಿನ ಹಲ್ಲು ಓರೆಯಾಗಿ ಮುರಿದಿದೆ. ನನಗೆ 16. ಕ್ಯಾಪ್ ಹಾಕಿದರೆ ಚೆನ್ನಾಗಿ ಕಾಣುತ್ತದೆ ಅಂತ ಫ್ರೆಂಡ್ಸ್ ಹೇಳುತ್ತಾರೆ.
– ವಿದ್ಯಾರ್ಥಿ, ನಾಪೋಕ್ಲು

ಉತ್ತರ: ಈಗ ಕ್ಯಾಪ್ ಬೇಡ. ನಿನ್ನ ವಯಸ್ಸಿಗೆ ಹಲ್ಲಿನೊಳಗಿನ ನರದ ಕೋಣೆ ದೊಡ್ಡದಾಗಿರುತ್ತದೆ, ಕೊರೆದರೆ ನರಕ್ಕೆ ಏಟು ಬೀಳುವ ಅಪಾಯ ಜಾಸ್ತಿ. ಒಸಡೂ ಇನ್ನೂ ತನ್ನ ಜಾಗಕ್ಕೆ ನಿಂತಿರುವುದಿಲ್ಲ. ಕಾಂಪೋಸಿಟ್‌ನಲ್ಲಿ ಮುರಿದ ಮೂಲೆಯನ್ನು ಕಟ್ಟಿಸಿಕೋ. ಚೆನ್ನಾಗಿ ಮಾಡಿದರೆ ನಿನ್ನ ಫ್ರೆಂಡ್ಸ್‌ಗೆ ಯಾವ ಹಲ್ಲು ಅಂತಲೇ ಗೊತ್ತಾಗುವುದಿಲ್ಲ. ಮುರಿದ ಚೂರು ಸಿಕ್ಕಿದ್ದರೆ ನೀರಿನಲ್ಲೋ ಹಾಲಿನಲ್ಲೋ ಹಾಕಿ ತೆಗೆದುಕೊಂಡು ಹೋಗು, ಎಷ್ಟೋ ಸಲ ಅದನ್ನೇ ವಾಪಸ್ ಅಂಟಿಸಬಹುದು. ಏಟು ಬಿದ್ದ ಹಲ್ಲಿನ ನರ ತಿಂಗಳುಗಳ ಮೇಲೆ ಸಾಯುವುದುಂಟು, ಬಣ್ಣ ಮಂಕಾದರೆ ತಡಮಾಡದೆ ತೋರಿಸು.

ಇದನ್ನು ಹಾಕಿ ಆಡುವ ಎಲ್ಲರೂ ಓದಿ. 1997ರಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಸಿಕೊಂಡು ಬಂದಿರುವ ಜಿಲ್ಲೆ ನಮ್ಮದು. ಒಳ್ಳೆ ಸ್ಟಿಕ್‌ಗೆ ಸಾವಿರಗಟ್ಟಲೆ ಕೊಡುತ್ತೇವೆ, ಬಾಯಿಗೆ ಮೌತ್‌ಗಾರ್ಡ್ ಹಾಕಲು ಮಾತ್ರ ನಾಚಿಕೆ! ಇಡೀ ಹಲ್ಲೇ ಕಿತ್ತುಬಂದರೆ ಬೇರನ್ನು ಮುಟ್ಟದೆ ಹಿಡಿದು, ಹಾಲಿನಲ್ಲಿ ಹಾಕಿಕೊಂಡು ಓಡಿ. ಅರ್ಧ ಗಂಟೆಯೊಳಗೆ ವಾಪಸ್ ಕೂರಿಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ.

ಪ್ರಶ್ನೆ: ತೋಟದ ಕೂಲಿ ಕೆಲಸ. ದವಡೆ ಹಲ್ಲು ಅರ್ಧ ಹೋಗಿದೆ. ರೂಟ್ ಕೆನಾಲ್, ಕ್ಯಾಪ್ ಎಲ್ಲ ಸೇರಿ ಹೇಳಿದ ದುಡ್ಡು ನಮ್ಮಿಂದ ಆಗುವುದಿಲ್ಲ. ಕೀಳಿಸಿಬಿಡಲಾ?
– ಓದುಗಿ, ಸುಂಟಿಕೊಪ್ಪ

ಉತ್ತರ: ಕೀಳಿಸುವ ಮೊದಲು ವಿರಾಜಪೇಟೆಯ ಡೆಂಟಲ್ ಕಾಲೇಜಿಗೆ, ಅಂದರೆ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಡೆಂಟಲ್ ಸೈನ್ಸಸ್‌ಗೆ, ಒಮ್ಮೆ ಹೋಗಿ ಬನ್ನಿ ಅಮ್ಮ. ಡೆಂಟಲ್ ಕಾಲೇಜುಗಳಲ್ಲಿ ಕಲಿಯುವ ಡಾಕ್ಟರುಗಳು ದೊಡ್ಡ ಡಾಕ್ಟರ ಕಣ್ಣೆದುರು ಕೆಲಸ ಮಾಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಹೆಚ್ಚು ಸಲ ಓಡಾಡಬೇಕು, ಆದರೆ ಖರ್ಚು ಸಾಮಾನ್ಯವಾಗಿ ಹೊರಗಿನ ಕ್ಲಿನಿಕ್‌ಗಿಂತ ಕಡಿಮೆ. ‘ಹಿಂದಿನ ಹಲ್ಲು, ಮೆಟಲ್ ಕ್ಯಾಪ್ ಸಾಕು’ ಅಂತ ನೀವೇ ಬಾಯಿಬಿಟ್ಟು ಹೇಳಿ.

ಎಲ್ಲಿಗೆ ಹೋದರೂ ಒಂದು ಚೀಟಿಯಲ್ಲಿ ಲೆಕ್ಕ ಬರೆಸಿಕೊಳ್ಳಿ. ರೂಟ್ ಕೆನಾಲ್‌ಗೆ ಎಷ್ಟು, ಒಳಗೆ ಹಲ್ಲು ಕಟ್ಟುವುದಕ್ಕೆ ಎಷ್ಟು, ಕ್ಯಾಪ್‌ಗೆ ಎಷ್ಟು, ಎಲ್ಲ ಬೇರೆ ಬೇರೆ. ಮೊದಲು ಬರೀ ರೂಟ್ ಕೆನಾಲ್ ರೇಟ್ ಹೇಳಿ, ಕ್ಯಾಪ್ ಮಾತು ಆಮೇಲೆ ಬಂದು ಜಗಳವಾಗುವುದು ಇದೇ ಕಾರಣಕ್ಕೆ.

ಮತ್ತೊಂದು ಮಾತು ನೇರವಾಗಿಯೇ ಹೇಳುತ್ತೇನೆ. ಕ್ಯಾಪ್‌ಗೆ ಹಿಡಿತ ಸಿಗಬೇಕಾದರೆ ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿದಿರಬೇಕು. ಅಷ್ಟೂ ಇಲ್ಲ, ಒಸಡಿನ ಕೆಳಗೇ ಹೋಗಿದೆ ಅಂತಾದರೆ ಅದಕ್ಕೆ ದುಡ್ಡು ಸುರಿಯಬೇಡಿ. ಆಗ ಕೀಳಿಸುವುದೇ ಸರಿ. ‘ಎಷ್ಟು ಉಳಿದಿದೆ, ಕ್ಯಾಪ್ ನಿಲ್ಲುತ್ತದಾ’ ಅಂತ ಕೇಳಿ, ಉತ್ತರ ಬಂದ ಮೇಲೆ ನಿರ್ಧಾರ ಮಾಡಿ.

ಪ್ರಶ್ನೆ: ಬೆಳ್ಳಿ ಸಿಮೆಂಟ್‌ನಲ್ಲಿ ಪಾದರಸ ಇದೆಯಂತೆ. ನನಗೆ ಹಳೆಯದು ಮೂರಿದೆ. ತೆಗೆಸಿ ಬಿಳಿ ಸಿಮೆಂಟ್ ಹಾಕಿಸಲಾ?
– ಓದುಗ, ಸೋಮವಾರಪೇಟೆ

ಉತ್ತರ: ಇದೆ, ಹೆಚ್ಚುಕಡಿಮೆ ಅರ್ಧ ಭಾಗ ಪಾದರಸವೇ. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಅದರ ಬಳಕೆಯನ್ನು ಬಹುತೇಕ ನಿಲ್ಲಿಸಿದೆ, ಅದಕ್ಕೆ ಮುಖ್ಯ ಕಾರಣ ಪಾದರಸ ಪರಿಸರಕ್ಕೆ ಸೇರುವುದು. ಆದರೆ ಬಾಯಲ್ಲಿ ಗಟ್ಟಿಯಾಗಿ ಕೂತಿರುವ, ಅಂಚು ಬಿಡದ, ಕೆಳಗೆ ಹುಳುಕಿಲ್ಲದ ಸಿಮೆಂಟನ್ನು ಸುಮ್ನೆ ತೆಗೆಸಬೇಡಿ. ತೆಗೆಯುವಾಗಲೇ ಪಾದರಸದ ಆವಿ ಜಾಸ್ತಿ ಏಳುತ್ತದೆ, ಒಳ್ಳೆಯ ಹಲ್ಲೂ ಒಂದಷ್ಟು ಹೋಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿದ್ದೂ ಇದನ್ನೇ. ಅದಾಗಿಯೇ ಒಡೆದ ದಿನ ಬದಲಿಸಿದರೆ ಆಯಿತು.

ಪ್ರಶ್ನೆ: ಕ್ಯಾಪ್ ಕಳಚಿ ಕೈಗೆ ಬಂದಿದೆ. ಡಾಕ್ಟರು ಊರಲ್ಲಿಲ್ಲ. ಫೆವಿಕ್ವಿಕ್ ಹಾಕಿ ಅಂಟಿಸಿಕೊಳ್ಳಬಹುದಾ?
– ಓದುಗ, ಭಾಗಮಂಡಲ

ಉತ್ತರ: ಬೇಡ ಮಾರಾಯ್ರೇ! ಅದು ಒಸಡು ಸುಡುತ್ತದೆ, ಓರೆಯಾಗಿ ಅಂಟಿಕೊಂಡರೆ ಆಮೇಲೆ ಕ್ಯಾಪ್ ಕತ್ತರಿಸಿಯೇ ತೆಗೆಯಬೇಕಾಗುತ್ತದೆ, ಇದ್ದ ಕ್ಯಾಪೂ ಹೋಯಿತು. ಕ್ಯಾಪನ್ನು ತೊಳೆದು ಡಬ್ಬಿಯಲ್ಲಿ ಇಡಿ. ಬಾಯಲ್ಲಿ ಉಳಿದ ಹಲ್ಲನ್ನು ಮೆತ್ತಗೆ ಉಜ್ಜಿ, ಆ ಕಡೆ ಅಗಿಯಬೇಡಿ, ಕೆಲವು ದಿನದೊಳಗೆ ಯಾರಾದರೂ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೆಳಗಿನ ಹಲ್ಲು ಚೆನ್ನಾಗಿದ್ದರೆ ಅದೇ ಕ್ಯಾಪ್ ಮತ್ತೆ ಕೂರುತ್ತದೆ. ವಾರಗಟ್ಟಲೆ ಬಿಟ್ಟರೆ ಅಕ್ಕಪಕ್ಕದ ಹಲ್ಲು ವಾಲಿ, ಕ್ಯಾಪ್ ಒಳಗೆ ಹೋಗುವುದೇ ಇಲ್ಲ.

ಕಳಚಿದ್ದು ಊಟದ ಜೊತೆ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ತೊಂದರೆ ಇಲ್ಲದೆ ಹೊರಗೆ ಬರುತ್ತದೆ, ಆದರೂ ಡಾಕ್ಟರಿಗೆ ಒಂದು ಮಾತು ಹೇಳಿ. ನುಂಗಿದ ಮೇಲೆ ಬಿಡದೆ ಕೆಮ್ಮು ಬಂದರೆ, ಉಸಿರಿನಲ್ಲಿ ಸೀಟಿ ಹೊಡೆದ ಹಾಗೆ ಸದ್ದು ಬಂದರೆ ಅದು ಶ್ವಾಸಕೋಶದ ಕಡೆ ಹೋಗಿರಬಹುದು. ಆಗ ಹಲ್ಲಿನ ಡಾಕ್ಟರನ್ನು ಹುಡುಕುತ್ತಾ ಕೂರದೆ ನೇರ ದೊಡ್ಡಾಸ್ಪತ್ರೆಗೆ ಹೋಗಿ.